ಎಡಕ್ಕೆ ತಿರುಗದ ಚಿಕ್ಕಮ್ಮ

ಅವತ್ತು ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಎಲ್ಲ ಎಂದಿನಂತೆಯೇ ನಡೆದಿತ್ತು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ಮಗಳು ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ನಮ್ಮ ಯಜಮಾನರು ಬ್ರೆಡ್ಡಿನ ಮೇಲೆ ಚಟ್ನಿಪುಡಿ ಉದುರಿಸಿಕೊಂಡು, ನಿಂತೇ ತಿನ್ನುತ್ತ, ಮಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಫೋನಿನಲ್ಲಿ ನೋಡುತ್ತಿದ್ದರು. ನಮ್ಮ ಚಿಕ್ಕಮ್ಮ ತಲೆಗೆ ಮಂಕಿ ಟೋಪಿ ಏರಿಸಿ, ಸೀರೆಯ ನೆರಿಗೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿಕೊಂಡು, ಹಿತ್ತಲಿನ ಶೆಡ್ಡಿನಿಂದ ಸೈಕಲ್ ಹೊರಗೆ ತೆಗೆಯುತ್ತಿದ್ದರು.

ಈ ಚಿಕ್ಕಮ್ಮನ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಕೆಗೆ ಬಾರದ ವಿದ್ಯೆಯಿಲ್ಲ. ಹಲ್ಲಿ ಹಿಡಿಯುತ್ತಾರೆ, ಫ್ಯೂಸ್ ಹಾಕುತ್ತಾರೆ, ಹಳೆಗನ್ನಡದ ಶಾಸನ ಓದುತ್ತಾರೆ, ಹಾಗಲಕಾಯಿಯನ್ನು ಮಕ್ಕಳು ಕೇಳಿ ಹಾಕಿಸಿಕೊಂಡು ತಿನ್ನುವಂತೆ ಮಾಡುತ್ತಾರೆ. ಆದರೆ ಸೈಕಲ್ ಮೇಲೆ ಕೂತರೆ ಅವರಿಗೆ ಎಡಕ್ಕೆ ತಿರುಗಲು ಬರುವುದಿಲ್ಲ!

ತಮಾಷೆಗೆ ಹೇಳುತ್ತಿಲ್ಲ. ಬಲಕ್ಕೆ ಎಷ್ಟು ಬೇಕಾದರೂ ತಿರುಗುತ್ತಾರೆ, ಅದೂ ಎಂಥ ನಾಜೂಕಿನಿಂದ! ರಸ್ತೆಯೇ ತಾನಾಗಿ ಎಡಕ್ಕೆ ಬಾಗಿದರೆ ಅದಕ್ಕೂ ಅಡ್ಡಿಯಿಲ್ಲ, ಅದು ರಸ್ತೆಯ ಜವಾಬ್ದಾರಿ. ಆದರೆ ಒಂದು ರಸ್ತೆ ಬಿಟ್ಟು ಎಡಕ್ಕಿರುವ ಇನ್ನೊಂದು ರಸ್ತೆಗೆ ಹೊರಳಬೇಕೆಂದರೆ ಅವರ ಕೈ ಹ್ಯಾಂಡಲಿನ ಮೇಲೆ ಕಲ್ಲಾಗುತ್ತದೆ. ನಾವಿರುವ ನೆದರ್‌ಲೆಂಡ್ಸ್‌ನ ವೂರ್‌ಬರ್ಗ್‌ನಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಚರ್ಚಿದೆ. ಅಲ್ಲಿ ಎಡಕ್ಕೆ ತಿರುಗಿದರೆ ತರಕಾರಿ ಅಂಗಡಿ, ಲೈಬ್ರರಿ, ರೈಲ್ವೆ ಸ್ಟೇಷನ್. ಅಂದರೆ ಮನುಷ್ಯರಿಗೆ ಬೇಕಾದದ್ದೆಲ್ಲ ಎಡಕ್ಕೇ ಇದೆ. ಚಿಕ್ಕಮ್ಮ ಏನು ಮಾಡುತ್ತಾರೆ ಗೊತ್ತೇ? ಚರ್ಚನ್ನು ದಾಟಿ ನೇರ ಹೋಗುತ್ತಾರೆ. ಮುಂದೆ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ. ಒಂದಿಡೀ ಕೇರಿಯನ್ನು ಸುತ್ತಿಕೊಂಡು ಬಂದು ನಮ್ಮ ಬೀದಿಯ ಕೊನೆಯನ್ನು ಅಡ್ಡಲಾಗಿ ಹಾಯ್ದು ಎಡಗಡೆಯ ರಸ್ತೆಗೆ ಸೇರುತ್ತಾರೆ. ನಾನು ಅಡಿಗೆಮನೆಯ ಕಿಟಕಿಯಿಂದ ಟಾಟಾ ಮಾಡಿ, ಒಂದು ದೋಸೆ ಹುಯ್ದು, ಮಗುಚಿ ಹಾಕಿ ಮತ್ತೆ ತಲೆಯೆತ್ತಿದರೆ, ಬೀದಿಯ ತುದಿಯಲ್ಲಿ ಮಂಕಿ ಟೋಪಿಯೊಂದು ಎಕ್ಸ್‌ಪ್ರೆಸ್ ರೈಲಿನ ಹಾಗೆ ಬಲದಿಂದ ಎಡಕ್ಕೆ ಹಾದುಹೋಗುತ್ತದೆ. ಆಗ ಎರಡನೇ ಟಾಟಾ.

"ಅಜ್ಜಿ, ಯು ಕ್ಯಾನ್ ಜಸ್ಟ್ ಟರ್ನ್ ಲೆಫ್ಟ್," ಎಂದು ಮಗಳು ಒಮ್ಮೆ ಹೇಳಿಕೊಟ್ಟಳು.

"ತಿರುಗಬಹುದು ಕಂದ. ಆದರೆ ಈ ಸೈಕಲ್‌ಗೆ ಅಭ್ಯಾಸ ಇಲ್ಲ."

ಪಕ್ಕದ ಮನೆಯ ಡಚ್ ಅಜ್ಜಿಗೆ ಈ ವ್ಯವಹಾರ ಮೊದಲ ವಾರದಲ್ಲೇ ಗೊತ್ತಾಗಿಹೋಯಿತು. ಆಕೆಯ ಮನೆಯ ಮುಂಗೋಡೆಯೆಲ್ಲ ಕಿಟಕಿ, ಕಿಟಕಿಯಲ್ಲಿ ಆರ್ಕಿಡ್ ಕುಂಡಗಳು, ಕುಂಡಗಳ ನಡುವೆ ಆಕೆ. ಬೀದಿಯಲ್ಲಿ ಬೆಕ್ಕು ದಾಟಿದರೂ ಅವರ ಗಮನಕ್ಕೆ ಬರುತ್ತದೆ. "ನಿಮ್ಮ ಚಿಕ್ಕಮ್ಮ ಚರ್ಚನ್ನ ಯಾಕೆ ಸುತ್ತುತ್ತಾರೆ?" ಎಂದು ಕೇಳಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು, ಸುಳ್ಳು ಹೇಳಿದರೆ ಈಗಲೂ ಕಿವಿ ಕೆಂಪಗಾಗುತ್ತದೆ. "ನಮ್ಮಲ್ಲಿ ಪ್ರದಕ್ಷಿಣೆ ಅಂತ ಒಂದು ಪದ್ಧತಿ ಇದೆ," ಎಂದು ಅರ್ಧ ನಿಜ ಹೇಳಿ ಒಳಗೆ ಬಂದೆ. ಅವರಿಗದು ಒಪ್ಪಿಗೆಯಾಯಿತು. "ಇರಲಿ. ಕೈ ಮಾತ್ರ ಬಹಳ ಚೆನ್ನಾಗಿ ತೋರಿಸುತ್ತಾರೆ," ಎಂದರು. ತಿರುಗುವ ಮೊದಲು ಕೈ ಚಾಚಿ ತೋರಿಸುವುದು ಈ ದೇಶದಲ್ಲಿ ಸಭ್ಯತೆಯ ಮೊದಲ ಪಾಠ. ಚಿಕ್ಕಮ್ಮ ಬಲಗೈಯನ್ನು ಭುಜದ ಎತ್ತರಕ್ಕೆ ಚಾಚಿದರೆಂದರೆ ವರಮಹಾಲಕ್ಷ್ಮಿಯೇ ಸೈಕಲ್ ಏರಿ ಬಂದಂತಿರುತ್ತದೆ.

ಈಗ ಇವರು ಇಲ್ಲಿಗೆ ಬಂದ ಕಥೆ. ಚಿಕ್ಕಮ್ಮ ನಮ್ಮ ಅಮ್ಮನ ಕೊನೆಯ ತಂಗಿ. ಮೈಸೂರಿನಲ್ಲಿ ಬ್ಯಾಂಕಿನ ಕೆಲಸ, ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ವಾಸ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ರಜೆ ಸಿಗಲಿಲ್ಲ" ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಸ್ವಯಂ ನಿವೃತ್ತಿ ತೆಗೆದುಕೊಂಡು, ಹಳೆಯ ಊರುಗಳನ್ನು ಕಾಪಾಡುವುದು ಹೇಗೆ ಎಂಬ ವಿಷಯದಲ್ಲಿ ಎಂ.ಎ. ಮಾಡಲು ನೆದರ್‌ಲೆಂಡ್ಸ್‌ಗೆ ಬಂದಿಳಿದರು. ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರ ಜೊತೆ ಮೊದಲನೆಯ ಬೆಂಚು. ನಮ್ಮ ಮನೆಯಲ್ಲಿ ವಾಸ. ಓದು ಈಗ ಮುಗಿದಿದೆ, ಪಾಸೂ ಆಗಿದೆ. ನಾನು ಹೇಳುತ್ತಿರುವ ಆ ಬೆಳಿಗ್ಗೆಯ ಸಮಸ್ಯೆ ಅದರ ಮುಂದಿನದ್ದು.

ಅವರ ಮೇಷ್ಟ್ರು, ಎರಡು ವರ್ಷದ ಒಂದು ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದ್ದರು. ದೇಶದ ಆ ತುದಿಯ ಎನ್ಸ್‌ಕೆಡೆಯಲ್ಲಿ ಹಳೆಯ ಊರುಗಳ ಬೀದಿಗಳನ್ನು ಅಳೆದು ನಕ್ಷೆ ಮಾಡುವವರ ಜೊತೆ ಕೆಲಸ. ಒಬ್ಬರೇ ಹೋಗಬೇಕು, ಒಬ್ಬರೇ ಮನೆ ಮಾಡಿಕೊಂಡು ಇರಬೇಕು. ಅವತ್ತು ಮಧ್ಯಾಹ್ನದ ಒಳಗೆ ಯೂನಿವರ್ಸಿಟಿಗೆ ಹೋಗಿ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹಿಂದಿನ ದಿನ ಮೈಸೂರಿನಿಂದ ಚಿಕ್ಕಮ್ಮನ ಅಣ್ಣ, ನಮ್ಮ ಮಾವ, ವಿಡಿಯೋ ಕಾಲ್ ಮಾಡಿದ್ದರು.

"ಓದಿದ್ದಾಯ್ತಲ್ಲಮ್ಮ. ಸಾಕು, ಬಂದ್ಬಿಡು. ನಿನ್ನ ರೂಮಿಗೆ ಪೇಂಟ್ ಮಾಡ್ಸಿದೀನಿ. ನಿಂಗಿಷ್ಟ ಅಂತ ಹಸಿರು."

"ನಂಗೆ ಹಸಿರು ಇಷ್ಟ ಅಂತ ಯಾರಣ್ಣ ಹೇಳಿದ್ದು?"

"ಮೊದಲಿಂದ್ಲೂ ಹಸಿರೇ ಇತ್ತಲ್ಲ."

ಚಿಕ್ಕಮ್ಮ ನಕ್ಕರು. ಮಾವನೂ ನಕ್ಕರು. ಬಹಳ ಒಳ್ಳೆಯ ಮನುಷ್ಯ. ತಂಗಿಗೆ ಬಿಸಿಲು ಬೀಳಬಾರದೆಂದು ಆ ಕೋಣೆಯ ಕಿಟಕಿಗೆ ಒಂದು ಚಪ್ಪರವನ್ನೂ ಹಾಕಿಸಿದ್ದಾರೆ. ಅದರಿಂದ ಬೀದಿ ಕಾಣುವುದಿಲ್ಲ ಎನ್ನುವುದು ಬೇರೆ ಮಾತು.

ಬೆಳಿಗ್ಗೆ ನಮ್ಮ ಯಜಮಾನರು ಬ್ರೆಡ್ ಅಗಿಯುತ್ತಲೇ ಕೇಳಿದರು, "ಏನು ಡಿಸೈಡ್ ಮಾಡಿದ್ರಿ ಚಿಕ್ಕಮ್ಮ?"

"ಸೈಕಲ್ ಮೇಲೆ ಯೋಚನೆ ಮಾಡ್ತೀನಿ. ನೆಲದ ಮೇಲೆ ನಿಂತ್ರೆ ನಂಗೆ ಏನೂ ಹೊಳೆಯಲ್ಲ."

ಹೀಗೆಂದು ಪೆಡಲ್ ತುಳಿದು ಹೊರಟೇಬಿಟ್ಟರು. ನಾನು ಕಿಟಕಿಯಲ್ಲಿ ನಿಂತು ಮೊದಲನೇ ಟಾಟಾ ಮಾಡಿದೆ. ಟಾಟಾ ಮಾಡಿದ ಕೈ ಇನ್ನೂ ಗಾಳಿಯಲ್ಲಿರುವಾಗಲೇ ನನಗೆ ಲುಕ್ಕಾ ನೆನಪಾಯಿತು.

ಲುಕ್ಕಾ ಇಟಲಿಯ ಒಂದು ಪುರಾತನ ಊರು. ಚಿಕ್ಕಮ್ಮನ ಕ್ಲಾಸಿನವರೆಲ್ಲ ವಸಂತಕಾಲದಲ್ಲಿ ಬಸ್ಸು ಮಾಡಿಕೊಂಡು ಅಲ್ಲಿಗೆ ಪ್ರವಾಸ ಹೊರಟಿದ್ದರು. ಹೊರಡುವ ಹೊತ್ತಿಗೆ ಸರಿಯಾಗಿ, ಅಲ್ಲಿ ಚಿಕ್ಕಮ್ಮನ ಜೊತೆ ರೂಮು ಹಂಚಿಕೊಳ್ಳಬೇಕಿದ್ದ ಹುಡುಗಿಗೆ ಜ್ವರ. "ಸೀಟು ಖಾಲಿ ಹೋಗ್ತಿದೆ, ನೀನು ಬಾರೇ," ಎಂದು ನನ್ನನ್ನು ಎಳೆದುಕೊಂಡರು. ಯಜಮಾನರೂ ಮಗಳೂ ನನ್ನನ್ನು ಕಳಿಸಲು ತೋರಿಸಿದ ಉತ್ಸಾಹದಲ್ಲಿ ಪಿಟ್ಜಾದ ವಾಸನೆಯಿತ್ತು. ನಾನು ಹೋದೆ. ಬಸ್ಸಿನಲ್ಲಿ ನಾನು "ಚಿಕ್ಕಮ್ಮ, ಚಿಕ್ಕಮ್ಮ" ಎನ್ನುವುದನ್ನು ಕೇಳಿ, ಅದುವರೆಗೆ ಅವರ ಉದ್ದನೆಯ ಹೆಸರಿನ ಜೊತೆ ಒದ್ದಾಡುತ್ತಿದ್ದ ಹುಡುಗರಿಗೆಲ್ಲ ಜೀವ ಬಂದಂತಾಯಿತು. ಊರು ತಲುಪುವಷ್ಟರಲ್ಲಿ ಪೋಲೆಂಡಿನ ಹುಡುಗ, ಚಿಲಿ ದೇಶದ ಹುಡುಗಿ, ಕೊನೆಗೆ ಮೇಷ್ಟ್ರು, ಎಲ್ಲರಿಗೂ ಅವರು ಚಿಕ್ಕಮ್ಮನೇ.

ಆ ಊರಿನ ಸುತ್ತ ದಪ್ಪನೆಯ ಕೋಟೆಗೋಡೆ. ಎಷ್ಟು ದಪ್ಪವೆಂದರೆ ಅದರ ಮೇಲೆ ಅಗಲವಾದ ರಸ್ತೆ, ರಸ್ತೆಯ ಎರಡೂ ಕಡೆ ಸಾಲುಮರ, ಮರದ ಕೆಳಗೆ ಬೆಂಚು. ಊರಿನ ಜನ ಬೆಳಿಗ್ಗೆ ಸಂಜೆ ಅದರ ಮೇಲೆ ಸೈಕಲ್ ಹೊಡೆಯುತ್ತಾರೆ. ಚಿಕ್ಕಮ್ಮ ಮೊದಲ ಸಲ ಅದನ್ನು ಹತ್ತಿ ನೋಡಿದಾಗ ಅವರ ಮುಖ ನೋಡಬೇಕಿತ್ತು. ಗೋಡೆ ದುಂಡಗಿದೆ. ಬಲಗಡೆಗೆ ಊರನ್ನಿಟ್ಟುಕೊಂಡು ಹೊರಟರೆ ಇಡೀ ದಿನ ಬಲಕ್ಕೇ ಬಾಗುತ್ತ ಹೋಗಬಹುದು, ಎಡದ ಪ್ರಶ್ನೆಯೇ ಇಲ್ಲ. "ನೋಡಿದ್ಯೇನೇ? ನನಗೋಸ್ಕರ ಕಟ್ಟಿಸಿ ಇಟ್ಟಿದಾರೆ," ಎಂದರು.

ನನಗೆ ಸೈಕಲ್ಲೇ ಬರುವುದಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೊಲಿಗೆ, ಹಾಡು, ಕರ್ಚೀಫು ಮಡಿಸುವ ಕ್ರಮ ಎಲ್ಲ ಕಲಿಸಿದರು, ಇದೊಂದನ್ನು ಬಿಟ್ಟರು. ಸೈಕಲ್ಲಿನ ಈ ದೇಶದಲ್ಲೂ ನಾನು ಬಸ್ಸು, ಟ್ರಾಮ್, ನಡಿಗೆ ಎಂದೇ ಕಾಲ ಹಾಕಿದವಳು. ಚಿಕ್ಕಮ್ಮ ಬಾಡಿಗೆಯ ಅಂಗಡಿಗೆ ಹೋಗಿ ಇಬ್ಬರು ತುಳಿಯುವ ಉದ್ದನೆಯ ಜೋಡಿ ಸೈಕಲ್ ತಂದರು. "ನೀನು ಹಿಂದೆ ಕೂತು ಸುಮ್ನೆ ತುಳೀತಿರು. ಮುಂದಿನದ್ದು ನನ್ನ ಡಿಪಾರ್ಟ್‌ಮೆಂಟು."

ಜೋಡಿ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇಟಲಿ ಕಾಣುವುದಿಲ್ಲ. ಕಾಣುವುದು ಮುಂದೆ ಕೂತವರ ಬೆನ್ನು. ನಾನು ಆ ಊರನ್ನು ಸುತ್ತಿ ಬಂದದ್ದು ನಿಜ, ಆದರೆ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿರುವುದು ಚಿಕ್ಕಮ್ಮನ ಬೂದು ಸ್ವೆಟರು, ಅದರ ಎಡಹೆಗಲಿನ ಹತ್ತಿರ ಬಿಟ್ಟುಹೋದ ಒಂದು ಹೊಲಿಗೆ, ಟೋಪಿಯ ಕೆಳಗಿನಿಂದ ಹೊರಗೆ ಬಂದು ಗಾಳಿಗೆ ಹಾರುತ್ತಿದ್ದ ಜಡೆಯ ತುದಿ. ಎದುರಿನಿಂದ ಸೈಕಲ್ಲುಗಳು ಬಂದಾಗಲೆಲ್ಲ ಚಿಕ್ಕಮ್ಮ ಮರುಕದಿಂದ "ಪಾಪ, ಅಪ್ರದಕ್ಷಿಣೆ ಹಾಕ್ತಿದಾರೆ" ಎನ್ನುತ್ತಿದ್ದರು. ಮರದ ಸಂದಿಯಲ್ಲಿ ಚರ್ಚಿನ ಗೋಪುರ ಕಂಡರೆ ಎರಡೂ ಕೈ ಬಿಟ್ಟು ನಮಸ್ಕಾರ. ನಾನು ಹಿಂದಿನಿಂದ ಯೇಸುವನ್ನೂ ಚಾಮುಂಡಿಯನ್ನೂ ಒಟ್ಟಿಗೇ ಕರೆಯುತ್ತಿದ್ದೆ. ಯಾರು ಕಾಪಾಡಿದರೋ ತಿಳಿಯದು. ಬೀಳಲಿಲ್ಲ.

ಪ್ರವಾಸವೆಂದರೆ ಬರೀ ಪ್ರವಾಸವಲ್ಲ, ಪರೀಕ್ಷೆ. ಪ್ರತಿಯೊಬ್ಬರೂ ತಾವೇ ಆರಿಸಿದ ದಾರಿಯಲ್ಲಿ ಇಡೀ ಕ್ಲಾಸನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗಿ ಊರಿನ ಚರಿತ್ರೆ ಹೇಳಬೇಕು. ಅದಕ್ಕೆ ಅಂಕ. ಚಿಕ್ಕಮ್ಮ ಊರಿನ ನಕ್ಷೆಯನ್ನು ಮಂಚದ ಮೇಲೆ ಹರಡಿಕೊಂಡು, ಕುಂಕುಮದ ಕಡ್ಡಿಯಿಂದ ಗೆರೆ ಎಳೆಯುತ್ತ ಕೂತರು. ಗೋಡೆಯ ಬಳಿ ಶುರುವಾದ ದಾರಿ ಬಲಕ್ಕೆ, ಬಲಕ್ಕೆ, ಬಲಕ್ಕೆ ತಿರುಗುತ್ತ ಒಳಗೊಳಗೆ ಹೋಗಿ, ಊರಿನ ನಡುವಿನ ಮೊಟ್ಟೆಯಾಕಾರದ ಚೌಕದಲ್ಲಿ ಮುಗಿಯುತ್ತಿತ್ತು. ಥೇಟ್ ಚಕ್ಕುಲಿ.

ಮಾರನೆಯ ದಿನ ಮುಂದೆ ನಮ್ಮ ಜೋಡಿ ಸೈಕಲ್, ಹಿಂದೆ ಇಡೀ ಕ್ಲಾಸು. ಚಿಕ್ಕಮ್ಮ ಬಲಗೈ ಚಾಚುವುದು, ನಾನೂ ಚಾಚುವುದು, ಹಿಂದೆ ಸಾಲಾಗಿ ಎಲ್ಲರೂ ಚಾಚುವುದು. ಹೂವಿನಂಗಡಿಯವಳು ಕೆಲಸ ಬಿಟ್ಟು ನೋಡುತ್ತ ನಿಂತಳು. ಚಿಕ್ಕಮ್ಮ ಅಲ್ಲಲ್ಲಿ ನಿಲ್ಲಿಸಿ, ನೆತ್ತಿಯ ಮೇಲೆ ಮರ ಬೆಳೆಸಿಕೊಂಡಿರುವ ಗೋಪುರದ ಕಥೆ, ಹಳೆಯ ಬಾವಿಯ ಕಥೆ ಹೇಳುತ್ತಿದ್ದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ ನನಗೆ ತುಳಿಯುವುದೇ ಮರೆತುಹೋಗುತ್ತಿತ್ತು.

"ತುಳಿಯೇ. ಭಾರ ಆಗ್ತಿದೀಯ."

ಇನ್ನೇನು ಚೌಕ ಬಂತು ಎನ್ನುವಾಗ ಬಲಕ್ಕೆ ತಿರುಗಬೇಕಾದ ಓಣಿಗೆ ಅಡ್ಡಗಟ್ಟಿದ್ದರು. ನೆಲದ ಕಲ್ಲು ಕಿತ್ತು ಹೊಸದಾಗಿ ಕೂರಿಸುತ್ತಿದ್ದರು. ಕೆಲಸದವನೊಬ್ಬ ನಗುತ್ತ ಕೈ ತೋರಿಸಿದ, ಎಡಕ್ಕೆ.

ಸೈಕಲ್ ನಿಂತಿತು. ಹಿಂದೆ ಎಲ್ಲರ ಬ್ರೇಕುಗಳೂ ಒಂದೊಂದಾಗಿ ಕಿರುಗುಟ್ಟಿದವು. ಮುಂದಿನ ಬೆನ್ನು ಅಲುಗಲಿಲ್ಲ. ಸ್ವೆಟರಿನ ಆ ಬಿಟ್ಟುಹೋದ ಹೊಲಿಗೆ ಮೇಲೆ ಕೆಳಗೆ ಆಡುತ್ತಿತ್ತು, ಅಷ್ಟು ಜೋರಾಗಿ ಉಸಿರು. ನಾನು ಮೆಲ್ಲಗೆ, "ಚಿಕ್ಕಮ್ಮ, ನಾನು ಬೇಕಾದ್ರೆ ಎಡಕ್ಕೆ ವಾಲ್ತೀನಿ," ಎಂದೆ. ಆಮೇಲೆ ಅವರು ಕಾಲು ನೆಲಕ್ಕೂರಿ, ಹಿಂತಿರುಗಿ, ಬ್ಯಾಂಕಿನಲ್ಲಿ ಕೌಂಟರ್ ಮುಚ್ಚುವಾಗಿನ ಗತ್ತಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರು, "ಎಲ್ಲರೂ ಇಳಿಯಿರಿ. ಇಷ್ಟು ಹಳೆಯ ಚೌಕದೊಳಗೆ ಸವಾರಿ ಮಾಡಿಕೊಂಡು ಹೋಗಬಾರದು. ನಮ್ಮಲ್ಲಿ ದೇವಸ್ಥಾನಕ್ಕೆ ಚಪ್ಪಲಿ ಹಾಕಿಕೊಂಡು ಹೋಗುತ್ತೇವೆಯೇ?"

ಎಲ್ಲರೂ ಇಳಿದರು. ಎಲ್ಲರೂ ಎಡಕ್ಕೆ, ಸೈಕಲ್ ತಳ್ಳಿಕೊಂಡು, ಮೌನವಾಗಿ, ಭಕ್ತಿಯಿಂದ ನಡೆದರು. ಕೊನೆಯಲ್ಲಿ ಮೇಷ್ಟ್ರು ಬಂದು ಕೈ ಕುಲುಕಿ, "ಚಿಕ್ಕಮ್ಮ, ಯಾತ್ರಿಕರ ಹಾಗೆ ಸುತ್ತಿ ಸುತ್ತಿ ನಡುವಿಗೆ ಬರುವ ದಾರಿ, ಕೊನೆಗೆ ಕಾಲ್ನಡಿಗೆ. ಇದರ ಹಿಂದೆ ಬಹಳ ಆಳವಾದ ಯೋಚನೆ ಇದೆ," ಎಂದರು. ಕ್ಲಾಸಿಗೇ ಹೆಚ್ಚಿನ ಅಂಕ. ಚಿಕ್ಕಮ್ಮ ಗಂಭೀರವಾಗಿ ತಲೆದೂಗಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಸಂಜೆ ನಾವಿಬ್ಬರೇ ಗೋಡೆಯ ಮೇಲೆ ಬೆಂಚಿನಲ್ಲಿ ಕೂತು, ಮನೆಯಿಂದ ತಂದಿದ್ದ ಕೋಡುಬಳೆ ತಿನ್ನುತ್ತಿದ್ದೆವು. "ಅಲ್ಲ ಚಿಕ್ಕಮ್ಮ, ನಿಜ ಹೇಳಿ. ಎಡ ಅಂದ್ರೆ ನಿಮಗೇನು?" ಎಂದೆ.

ಅವರು ಕೋಡುಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದರು. "ನಮ್ಮ ಹಳೇ ಮನೆ ಎದುರಿಗೆ ದುಂಡುಪಾರ್ಕ್ ಇತ್ತಲ್ಲ, ನೀನೂ ಆಡಿದೀಯ. ಅಣ್ಣನ ಸೈಕಲ್ ಮೇಲೆ ನಂಗೆ ಬಹಳ ಆಸೆ. ನಿಮ್ಮ ತಾತ ಒಪ್ಪಿದ್ರು, ಪಾಪ. ಆ ಕಾಲಕ್ಕೆ ಅದೇ ದೊಡ್ಡದು. ಆದರೆ ಪಾರ್ಕಿನ ಸುತ್ತ ಮಾತ್ರ. ಅವರು ಜಗಲಿ ಮೇಲೆ ಪೇಪರ್ ಓದ್ತಾ ಕೂತಿರೋವಷ್ಟು ಹೊತ್ತು ಮಾತ್ರ. ಪಾರ್ಕು ಬಲಗಡೆಗೆ. ಸುತ್ತು, ಸುತ್ತು, ಸುತ್ತು. ಎಷ್ಟು ವರ್ಷ ಸುತ್ತಿದೀನೋ!"

"ಎಡಗಡೆಗೆ?"

"ಎಡಗಡೆಗೆ ಊರು ಕಣೇ. ಹೊರಗೆ ಹೋಗೋ ರಸ್ತೆ ಎಲ್ಲ ಎಡಕ್ಕೇ ಇದ್ವು. ಒಂದು ಮಾರ್ಕೆಟ್ಟಿಗೆ, ಒಂದು ಕಾಲೇಜಿಗೆ, ಒಂದು ಸ್ಟೇಷನ್ನಿಗೆ. ಅಣ್ಣ ಬುರ್ರಂತ ತಿರುಗಿ ಹೋಗ್ತಿದ್ದ. ನಾನು ಆ ರಸ್ತೆಗಳ ಬಾಯಿ ಹತ್ರ ಬಂದಾಗೆಲ್ಲ ಒಂಚೂರು ನಿಧಾನ ಮಾಡಿ, ನೋಡಿ, ಮುಂದೆ ಹೋಗ್ತಿದ್ದೆ. ಕೈಗೆ ಅದೇ ಕೂತ್ಬಿಟ್ಟಿದೆ. ಈಗ ಇವತ್ತು ತಾತ ಇಲ್ಲ, ಜಗಲಿನೂ ಇಲ್ಲ. ಆ ಕಲ್ಲು ಕೂರಿಸ್ತಿದ್ದ ಹುಡುಗ ನಗ್ತಾ ದಾರಿ ತೋರಿಸ್ತಾನೆ, ನನ್ನ ಕೈಗೆ ಇನ್ನೂ ಪರ್ಮಿಷನ್ ಸಿಕ್ಕಿಲ್ಲ ನೋಡು."

ಹೇಳಿ ನಕ್ಕರು. ಬೆರಳಿನಲ್ಲಿದ್ದ ಕೋಡುಬಳೆಯನ್ನು ಕಟಕ್ಕೆಂದು ಕಡಿದರು. "ನಡಿ ನಡಿ, ಇನ್ನೊಂದು ಪ್ರದಕ್ಷಿಣೆ ಹಾಕೋಣ. ಅಂಗಡಿಯವನಿಗೆ ಸೈಕಲ್ ವಾಪಸ್ ಕೊಡೋಕೆ ಇನ್ನೂ ಹೊತ್ತಿದೆ." ಆ ಸುತ್ತಿನಲ್ಲಿ ನಾನು ಮರೆಯದೆ ತುಳಿದೆ.

ನೋಡಿ, ಒಂದು ಟಾಟಾದಲ್ಲಿ ಎಷ್ಟು ದೂರ ಹೋಗಿಬಿಟ್ಟೆ. ಎಚ್ಚೆತ್ತು ನೋಡಿದರೆ ನಮ್ಮ ಬೀದಿ ಖಾಲಿ. ಅದರ ತುದಿಯ ಮೇಲೆ ಕಣ್ಣಿಟ್ಟೆ, ಎರಡನೇ ಟಾಟಾಕ್ಕೆ. ದೋಸೆ ಹುಯ್ದೆ. ಮಗುಚಿದೆ. ಮಂಕಿ ಟೋಪಿ ಬರಲಿಲ್ಲ. ಇನ್ನೊಂದು ದೋಸೆ ಹುಯ್ದೆ. ಅಷ್ಟರಲ್ಲಿ ಮಗಳ ಎರಡನೇ ಕಾಲುಚೀಲ ಫ್ರಿಜ್ಜಿನ ಹಿಂದೆ ಸಿಕ್ಕಿತು. ಹೇಗೆ ಅಲ್ಲಿಗೆ ಹೋಯಿತೆಂಬ ವಿಚಾರಣೆಯಲ್ಲಿ ನಾನು ಕಿಟಕಿಯತ್ತ ನೋಡುವುದು ತಪ್ಪಿತು. ಆಗಲೇ ಹಾದು ಹೋಗಿರಬೇಕು ಎಂದುಕೊಂಡೆ.

ಮಧ್ಯಾಹ್ನ ಫೋನ್ ಮಾಡಿದೆ, ತೆಗೆಯಲಿಲ್ಲ. ಮಾವ ಮೈಸೂರಿನಿಂದ ಎರಡು ಸಲ ಮಾಡಿದರು. "ಏನಂದ್ಲಮ್ಮ ನಿಮ್ಮ ಚಿಕ್ಕಮ್ಮ?"

"ಇನ್ನೂ ಬಂದಿಲ್ಲ ಮಾವ."

"ಟಿಕೆಟ್ ನೋಡ್ಲಾ ಹಾಗಾದ್ರೆ?"

"ಅವರು ಬರಲಿ ಮಾವ," ಎಂದೆ. ಆಮೇಲೆ ಅವರು, "ಪೇಂಟು ಹಸಿರು ಬೇಡ ಅಂದ್ರೆ ಬೇರೆ ಹೊಡೆಸ್ತೀನಿ ಅಂತ ಹೇಳಮ್ಮ," ಎಂದರು. ನನಗೆ ಅವರ ಮೇಲೂ ಬಹಳ ಪ್ರೀತಿ ಬಂತು. ಯಾರ ಪರವಾಗಿ ದೇವರನ್ನು ಕೇಳಿಕೊಳ್ಳುವುದೆಂದು ತಿಳಿಯದೆ, ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತೆ. ಕಡ್ಡಿ ಪಾತ್ರೆಗೆ ಹೋಯಿತು, ಎಲೆ ಕಸಕ್ಕೆ ಹೋಯಿತು.

ಸಂಜೆ ಚಿಕ್ಕಮ್ಮನ ಮೆಸೇಜ್ ಬಂತು. "ಬರ್ತಾ ಇದೀನಿ. ಹಸಿವು. ತಿಳಿಸಾರು ಮಾಡು. ಉಪ್ಪು ನೋಡಿ ಹಾಕು." ಇಷ್ಟೇ. ಹೂಂ ಎಂದರೋ ಊಹೂಂ ಎಂದರೋ, ಸಾರಿನ ಉಪ್ಪಿನಲ್ಲಿ ಏನು ತಿಳಿಯುತ್ತದೆ?

ಒಲೆಯ ಮೇಲೆ ಬೇಳೆ ಇಟ್ಟು, ಮರುದಿನ ಬೆಳಿಗ್ಗೆ ಕಸದವರು ಬರುವುದರಿಂದ, ಹಸಿರು ಕಸದ ಡಬ್ಬವನ್ನು ಬೀದಿಯ ಅಂಚಿಗೆ ಎಳೆದುಕೊಂಡು ಹೋದೆ. ಮಳೆ ಬಂದು ನಿಂತಿತ್ತು. ಪಕ್ಕದ ಮನೆಯ ಅಜ್ಜಿಯೂ ತಮ್ಮ ಡಬ್ಬ ತಂದಿದ್ದರು. ಎಂದಿನಂತೆ ಮೊದಲು ಮಳೆಯ ಬಗ್ಗೆ ಒಂದು ಮಾತಾಯಿತು. ನಂತರ ಅವರು ನನ್ನ ಡಬ್ಬದ ಹಿಡಿ ಬೀದಿಯ ಕಡೆಗೆ ಇರುವಂತೆ ಸರಿಯಾಗಿ ತಿರುಗಿಸಿಟ್ಟು, ಕೈ ಒರೆಸಿಕೊಂಡು, ಒಳಗೆ ಹೋಗುತ್ತ ಹೋಗುತ್ತ ಹೇಳಿದರು:

"ನಿಮ್ಮ ಚಿಕ್ಕಮ್ಮ ಬೆಳಿಗ್ಗೆ ಚರ್ಚಿನ ಹತ್ತಿರ ಎಡಕ್ಕೆ ತಿರುಗಿದರು. ಕೈ ತೋರಿಸಲೇ ಇಲ್ಲ."